ಅಜ್ಜಿ ಟಾಕೀಸಿನಲ್ಲಿ ಕೇಳಿದ ಪ್ರಶ್ನೆ

ಆ ಸಿನೆಮಾವನ್ನು ನಾನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ದೊಡ್ಡ ದೊಡ್ಡವರು ಅದರ ಬಗ್ಗೆ ಬರೆದದ್ದನ್ನೂ ಓದಿದ್ದೇನೆ. ಆದರೆ ಅದರ ಬಗ್ಗೆ ನಾನು ಕೇಳಿದ ಸರಿಯಾದ ಮಾತು ಒಂದೇ. ಅದನ್ನು ಆಡಿದವಳು ನನ್ನ ಅಜ್ಜಿ. ಸಿನೆಮಾ ಇನ್ನೂ ಓಡುತ್ತಿರುವಾಗಲೇ, ಟಾಕೀಸಿನ ಅರ್ಧ ಜನಕ್ಕೆ ಕೇಳುವಷ್ಟು ಗಟ್ಟಿಯಾಗಿ ಆಡಿದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆಗ ಪಿಯುಸಿ. ಕುಲಶೇಖರದಲ್ಲಿ ನಮ್ಮ ಮನೆ. ನಮ್ಮದು ಅಳಿಯಕಟ್ಟಿನ ಕುಟುಂಬ, ಅಂದರೆ ಮನೆ ತಾಯಿಯಿಂದ ಮಗಳಿಗೆ ಬರುವಂಥದ್ದು, ಕಾರುಬಾರು ಮಾತ್ರ ಸೋದರಮಾವನದ್ದು. ಹಾಗಾಗಿ ಅಜ್ಜಿ, ಅವಳ ಮಗನಾದ ನನ್ನ ಮಾವ, ನನ್ನ ಅಮ್ಮ, ಅಮ್ಮನ ತಂಗಿ ಚಿಕ್ಕಮ್ಮ, ನಾನು ಎಲ್ಲರೂ ಒಂದೇ ಸೂರಿನಡಿ. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಮಾತೆಲ್ಲ ತುಳುವಿನಲ್ಲೇ. ಅದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಜ್ಜಿಯ ಮಾತಿನ ಖಾರ ಅರ್ಧ ಕಮ್ಮಿಯಾದೀತು.

ಮಾವನಿಗೆ ಹಂಪನಕಟ್ಟೆಯ ಹತ್ತಿರ ಒಂದು ಹೋಟೆಲ್ ಇತ್ತು. ಭೂಸುಧಾರಣೆಯಲ್ಲಿ ಗದ್ದೆ ಹೋದ ಮೇಲೆ ನಮ್ಮನ್ನು ಸಾಕಿದ್ದು ಅದೇ. ಸಂಜೆ ಅಲ್ಲಿಗೆ ಕಾಲೇಜಿನ ಲೆಕ್ಚರರುಗಳು ಬರುತ್ತಿದ್ದರು. ಒಂದು ಪ್ಲೇಟು ಗೋಳಿಬಜೆ, ಒಂದು ಕಾಫಿ, ಎರಡು ಗಂಟೆ ಚರ್ಚೆ. ಮಾವ ಗಲ್ಲಾಪೆಟ್ಟಿಗೆಯ ಎದುರು ಕೂತು ಅವರ ಮಾತನ್ನು ಕಿವಿತುಂಬ ಕೇಳಿಸಿಕೊಳ್ಳುತ್ತಿದ್ದರು. ಓದಲಾಗಲಿಲ್ಲ ಎಂಬ ಕೊರಗು ಅವರಿಗೆ ಯಾವಾಗಲೂ ಇತ್ತು. ಆ ವಾರ ಲೆಕ್ಚರರುಗಳೆಲ್ಲ ಒಂದು ಸಿನೆಮಾದ ಬಗ್ಗೆಯೇ ಮಾತಾಡಿದರಂತೆ. ಕಪ್ಪು ಬಿಳುಪಿನ ಚಿತ್ರ, ಪ್ರಶಸ್ತಿ ಬಂದದ್ದು, ಅಗ್ರಹಾರದ ಎಳೆ ವಿಧವೆಯೊಬ್ಬಳ ಕಥೆ. ಭಾನುವಾರ ಬೆಳಗಿನ ಆಟಕ್ಕೆ ಮಾವ ಮನೆಮಂದಿಗೆಲ್ಲ ಟಿಕೆಟು ತಂದರು.

ಮನೆಮಂದಿ ಎಂದರೆ ಚಿಕ್ಕಮ್ಮನೂ. ಅವಳಿಗೆ ಆಗ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಕಾಮಾಲೆಯಲ್ಲಿ ತೀರಿಕೊಂಡಿದ್ದರು. ತವರಿಗೆ ಬಂದು, ಟೀಚರ್ ಟ್ರೈನಿಂಗ್ ಮುಗಿಸಿ, ಕುದ್ರೋಳಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅವಳ ತಲೆ ಯಾರೂ ಬೋಳಿಸಲಿಲ್ಲ, ಕೋಣೆಯಲ್ಲಿ ಯಾರೂ ಕೂಡಿಹಾಕಲಿಲ್ಲ. ಬಣ್ಣದ ಸೀರೆ ಉಡುತ್ತಿದ್ದಳು, ಮೀನು ತಿನ್ನುತ್ತಿದ್ದಳು. “ನಮ್ಮವರಲ್ಲಿ ಅದೆಲ್ಲ ಇಲ್ಲ” ಎಂದು ಮಾವ ಬಂದವರೆದುರು ಹೆಮ್ಮೆಯಿಂದ ಹೇಳುತ್ತಿದ್ದರು.

ಹೌದು, ಅದೆಲ್ಲ ಇರಲಿಲ್ಲ. ಆದರೆ ಹೋಟೆಲ್ ಚೆನ್ನಾಗಿ ನಡೆಯಲು ಶುರುವಾದ ಮೇಲೆ ಮನೆಗೆ ಭಟ್ಟರು ಬರತೊಡಗಿದ್ದರು. ವರ್ಷಕ್ಕೊಂದು ಸತ್ಯನಾರಾಯಣ ಪೂಜೆ, ಒಂದು ಗಣಹೋಮ. ಪೂಜೆಯ ದಿನ ಚಿಕ್ಕಮ್ಮನಿಗೆ ಶಾಲೆಯಲ್ಲಿ ಏನಾದರೂ ಕೆಲಸ ಬಂದುಬಿಡುತ್ತಿತ್ತು. ಬೆಳಿಗ್ಗೆ ಮಾವ ಹೋಟೆಲಿಗೆ ಹೊರಡುವಾಗ ಅವಳು ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿರುತ್ತಿದ್ದಳು, ಮಳೆಗಾಲದಲ್ಲೂ. ಯಾರೂ ಅವಳಿಗೆ ಹೀಗೆ ಮಾಡು ಎಂದಿರಲಿಲ್ಲ. ಹೇಳುವ ಮೊದಲೇ ಅರ್ಥ ಮಾಡಿಕೊಳ್ಳುವವರನ್ನು ಜನ ಒಳ್ಳೆಯವರು ಎನ್ನುತ್ತಾರೆ. ನನಗೆ ಅದನ್ನು ನೆನೆಸಿದರೆ ಈಗಲೂ ಮೈ ಉರಿಯುತ್ತದೆ.

ಟಾಕೀಸಿನಲ್ಲಿ ನಾವು ಬಾಲ್ಕನಿಯ ಒಂದೇ ಸಾಲಿನಲ್ಲಿ ಕೂತೆವು. ಹಾಡಿಲ್ಲ, ಕುಣಿತವಿಲ್ಲ. ಪರದೆಯ ಮೇಲೆ ಆ ಹುಡುಗಿ ಬತ್ತುತ್ತ ಹೋದಳು. ಊರಿನವರು ಅವಳ ಸುತ್ತ ಗೋಡೆ ಕಟ್ಟುತ್ತ ಹೋದರು. ಮಾವ ಕರವಸ್ತ್ರ ತೆಗೆದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಚಿಕ್ಕಮ್ಮ ಮಾತ್ರ ಅಲ್ಲಾಡದೆ ಕೂತಿದ್ದಳು. ಅಜ್ಜಿಗೆ ಕನ್ನಡ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ನಾನು ಕಿವಿಯಲ್ಲಿ ಹೇಳುತ್ತಿದ್ದೆ. ಅವಳ ಸಂಕಟ ಬೇರೆಯೇ ಇತ್ತು. ಮೊದಲಿನಿಂದ ಚಡಪಡಿಸುತ್ತಿದ್ದವಳು ಕೊನೆಗೆ ತಡೆಯಲಾರದೆ ಕೇಳಿಯೇ ಬಿಟ್ಟಳು:

“ಅಲ್ಲ ಮಾರಾಯ್ತಿ, ಇಷ್ಟೆಲ್ಲ ಎಂತಕ್ಕೆ? ಆ ಹುಡುಗಿಗೆ ಬುಡುದಾರೆ ಮಾಡಿಸ್ಲಿಕ್ಕೆ ಆ ಊರಲ್ಲಿ ಒಬ್ಬನೂ ಇಲ್ವಾ?”

ಮುಂದಿನ ಸಾಲಿನವರು ತಿರುಗಿ ನೋಡಿದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮಾವ ಬಗ್ಗಿ, “ಅಮ್ಮ, ಸುಮ್ಮನೆ ಕೂತ್ಕೊ. ಅವರು ಶಾಸ್ತ್ರದವರು, ಅವರಲ್ಲಿ ಅದೆಲ್ಲ ಆಗುದಿಲ್ಲ” ಎಂದು ಗದರಿದರು. ಚಿಕ್ಕಮ್ಮ ಆ ಹೊತ್ತಿನಲ್ಲಿ ಪರದೆ ಬಿಟ್ಟು ಅಜ್ಜಿಯ ಕಡೆ ತಿರುಗಿದ್ದನ್ನು ನಾನು ನೋಡಿದೆ.

ಬುಡುದಾರೆ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ಅಮ್ಮನನ್ನು ಕೇಳಿದೆ. ಗಂಡ ಸತ್ತವಳಿಗೋ ಬಿಟ್ಟವಳಿಗೋ ಮಾಡಿಸುತ್ತಿದ್ದ ಎರಡನೆಯ ಮದುವೆಗೆ ಹಿಂದಿನವರು ಹಾಗೆನ್ನುತ್ತಿದ್ದರಂತೆ. “ಹಿಂದಿನವರ ಕತೆ ಅದು, ಈಗ ಯಾರು ಮಾಡ್ತಾರೆ?” ಎಂದು ಅಮ್ಮ ಕಿಟಕಿಯ ಹೊರಗೆ ನೋಡಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರಿಗೂ ವಿಪರೀತ ಹಸಿವು. ನಮಗಿಂತ ಕೆಟ್ಟವರನ್ನು ಮೂರು ಗಂಟೆ ನೋಡಿ ಬಂದರೆ ಹಸಿವು ಚೆನ್ನಾಗಿಯೇ ಆಗುತ್ತದೆ. ಮಾವ ಬಂಗುಡೆ ಸಾರಿಗೆ ಅನ್ನ ಕಲಸುತ್ತ ಲೆಕ್ಚರರುಗಳ ಮಾತನ್ನೆಲ್ಲ ನಮಗೆ ಬಡಿಸಿದರು. ಎಂಥ ಕ್ರೂರ ಸಮಾಜ, ಹೆಣ್ಣಿನ ಬಾಳು ಅಂದರೆ ಏನೆಂದು ತಿಳಿದಿದ್ದಾರೆ ಇವರು, ಪುಣ್ಯಕ್ಕೆ ನಾವು ಹಾಗಲ್ಲ. ಅವರ ಕಣ್ಣು ಇನ್ನೂ ಕೆಂಪಗಿತ್ತು. ಅದು ನಾಟಕವಲ್ಲ. ಮಾವ ಮೃದು ಮನುಷ್ಯ, ನಿಜವಾಗಿಯೂ ಅತ್ತಿದ್ದರು.

ಆಗ ಚಿಕ್ಕಮ್ಮ ಮಾಡಬಾರದ ಒಂದು ತಪ್ಪು ಮಾಡಿದಳು. ಮಾವನ ಮಾತನ್ನು ನಂಬಿದಳು.

“ಅಣ್ಣ, ಒಂದು ವಿಷಯ ಹೇಳ್ಲಿಕ್ಕುಂಟು” ಎಂದಳು. ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವವರೊಬ್ಬರು ಇದ್ದಾರೆ. ಶಕ್ತಿನಗರದ ಕಡೆಯವರು, ನಮ್ಮವರೇ. ಮದುವೆ ಆಗಿಲ್ಲ. ಅವರ ತಾಯಿ ಶಾಲೆಗೇ ಬಂದು ನನ್ನನ್ನು ನೋಡಿ ಮಾತಾಡಿ ಹೋಗಿದ್ದಾರೆ. ಬಳಿ ಕೇಳಿದ್ದಾರೆ, ನಮ್ಮದೂ ಅವರದೂ ಬೇರೆ ಬೇರೆ ಬಳಿ. ನಿಮ್ಮನ್ನು ಬಂದು ಕಾಣಬಹುದಾ ಎಂದು ಕೇಳಿದ್ದಾರೆ. ಇಷ್ಟನ್ನು ಅವಳು ತಲೆ ತಗ್ಗಿಸದೆ ಹೇಳಿದಳು. ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ, ಅದು ಬೇರೆಯಾಗಿದ್ದರೆ ನಮ್ಮಲ್ಲಿ ಸಂಬಂಧಕ್ಕೆ ಅಡ್ಡಿಯಿಲ್ಲ ಎಂಬುದು ನನಗೂ ಗೊತ್ತಿತ್ತು.

ಮಾವನ ಕೈ ಬಟ್ಟಲಿನಲ್ಲೇ ನಿಂತಿತು.

“ನಿನಗೆ ಇಲ್ಲಿ ಎಂತ ಕಮ್ಮಿ ಆಗಿದೆ?” ಎಂದರು.

“ಕಮ್ಮಿ ಆಗಿದೆ ಅಂತ ನಾನು ಹೇಳ್ಲಿಲ್ಲ ಅಣ್ಣ.”

“ಹೋಟೆಲಿಗೆ ಬರುವವರು ಎಂತ ಹೇಳಿಯಾರು? ಭಟ್ಟರು ನಾಳೆ ಮನೆಗೆ ಕಾಲಿಟ್ಟಾರಾ? ನಮ್ಮ ಮನೆಯಲ್ಲಿ ಇಂಥದ್ದು ಒಂದು ಆದದ್ದಿಲ್ಲ. ಅಪ್ಪ ಇದ್ದಿದ್ದರೆ ಈ ಮಾತು ನಿನ್ನ ಬಾಯಿಯಿಂದ ಬರ್ತಿತ್ತಾ?”

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಬೆಳಗ್ಗೆ ಒದ್ದೆಯಾದ ಕರವಸ್ತ್ರ ಹೊರಗೆ ಹಗ್ಗದ ಮೇಲೆ ಇನ್ನೂ ಒಣಗುತ್ತಿತ್ತು. ಚಿಕ್ಕಮ್ಮ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ಮೀನಿನ ಮುಳ್ಳನ್ನು ಒಂದೊಂದಾಗಿ ಬಟ್ಟಲಿನ ಅಂಚಿಗೆ ಸರಿಸುತ್ತಿದ್ದಳು.

ಮರುದಿನ ಮಾವ ಹೋಟೆಲಿಗೆ ಹೋದ ಮೇಲೆ ಅಜ್ಜಿ ಅಡುಗೆಮನೆಯಲ್ಲಿ ನಮ್ಮನ್ನು ಕೂರಿಸಿಕೊಂಡು ಒಂದು ಮಾತು ಹೇಳಿದಳು. ಚಿಕ್ಕಮ್ಮನಿಗೆ ಶಾಲೆಗೆ ರಜೆ. ಅಮ್ಮ ಹಲಸಿನ ಬೀಜ ಸುಲಿಯುತ್ತಿದ್ದಳು. ಅಜ್ಜಿ ಪೀಠಿಕೆ ಇಲ್ಲದೆ, “ನನ್ನದು ಬುಡುದಾರೆಯೇ” ಎಂದಳು.

ಅಮ್ಮನ ಕೈಯ ಚೂರಿ ನೆಲಕ್ಕೆ ಬಿತ್ತು.

ಹದಿನಾಲ್ಕು ತುಂಬುವ ಮೊದಲು ಅವಳಿಗೆ ಒಂದು ಮದುವೆ ಆಗಿತ್ತು. ಹುಡುಗ ಒಂದು ವರ್ಷದೊಳಗೆ ಜ್ವರ ಬಂದು ಹೋದ. ಅಜ್ಜಿ ತಾಯಿಯ ಮನೆಗೆ ಮರಳಿದಳು. ಎರಡು ಬೆಳೆ ಕಳೆದ ಮೇಲೆ ಅವಳ ಸೋದರಮಾವನೇ ಎದ್ದು ಹೋಗಿ ಗಂಡು ನೋಡಿ ಬಂದರು, ಅವರೇ ನಮ್ಮ ಅಜ್ಜ. ಚಪ್ಪರ ಹಾಕಲಿಲ್ಲ, ಓಲಗ ಇರಲಿಲ್ಲ. ಚಾವಡಿಯಲ್ಲಿ ದೀಪ ಹಚ್ಚಿ, ಚಾಪೆ ಹಾಸಿ, ಎರಡು ಕಡೆಯ ಹಿರಿಯರು ಕೂತರು. ಧಾರೆಯ ಗಿಂಡಿಯನ್ನು ಒಬ್ಬರಿಂದ ಒಬ್ಬರಿಗೆ ಕೊಂಡುಹೋದರು, ಎಲ್ಲರೂ ಮುಟ್ಟಿದರು. ಮುಟ್ಟಿದರೆ ಒಪ್ಪಿದ ಹಾಗೆ. ಮತ್ತೆ ಇಬ್ಬರ ಕೈ ಸೇರಿಸಿ ನೀರು ಎರೆದರು.

“ಆ ಮೇಲೆ ಕೋಳಿ ರೊಟ್ಟಿ ಊಟ. ಅಷ್ಟೇ. ಅದರಲ್ಲಿ ನಾಚಿಕೆ ಉಂಟು ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಪೇಟೆಗೆ ಬಂದ ಮೇಲೆ ಗೊತ್ತಾಯ್ತು.”

“ಅಣ್ಣನಿಗೆ ಗೊತ್ತುಂಟಾ?” ಚಿಕ್ಕಮ್ಮ ಕೇಳಿದಳು.

ಗೊತ್ತಿರಲಿಲ್ಲ. ಹೇಳುವ ಸಂದರ್ಭವೇ ಬಂದಿರಲಿಲ್ಲ, ಹಳಬರು ಒಬ್ಬೊಬ್ಬರೇ ಹೋದರು. ಮಾವ ದೊಡ್ಡವರಾಗಿ ಹೋಟೆಲ್ ಇಟ್ಟರು. ಅಜ್ಜನ ಫೋಟೋಕ್ಕೆ ಚೌಕಟ್ಟು ಹಾಕಿಸಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ತೂಗಿಸಿದರು. “ನನ್ನ ಅಪ್ಪ ಅಮ್ಮನ ಮದುವೆಗೆ ಮೂರು ದಿನ ಊಟವಂತೆ” ಎಂದು ಮಾವ ಯಾರಿಗೋ ಹೇಳುತ್ತಿದ್ದಾಗ ಅಜ್ಜಿ ಪಕ್ಕದಲ್ಲೇ ಇದ್ದಳಂತೆ. “ಆ ದಿನ ಸುಮ್ಮನಿದ್ದೆ. ಒಂದು ಸಲ ಸುಮ್ಮನಿದ್ದ ಮೇಲೆ ಮತ್ತೆ ಬಾಯಿ ಬಿಡುದು ಹೇಗೆ?”

ಚಿಕ್ಕಮ್ಮ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಈಗಲಾದರೂ ಅಣ್ಣನಿಗೆ ಹೇಳು ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಹೇಳಿದ್ದು, “ಅಮ್ಮ, ಅಣ್ಣನಿಗೆ ಮಾತ್ರ ಹೇಳ್ಬೇಡ. ಅವನಿಗೆ ತಡ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ. ನನ್ನ ವಿಷಯ ಬಿಡು, ನನಗೆ ಶಾಲೆ ಉಂಟು, ಮಕ್ಕಳು ಉಂಟು.”

ನನಗೆ ಅವಳ ಮೇಲೂ ಸಿಟ್ಟು ಬಂತು. ಅವಳೇ ಒಂದು ಬಾಳು ಬೇಕೆಂದು ಕೇಳಿ, ಅವಳೇ ಅದನ್ನು ಅಣ್ಣನ ಮರ್ಯಾದೆಗೆ ಸುತ್ತಿ ಬದಿಗಿಡುತ್ತಿದ್ದಾಳಲ್ಲ ಎಂದು. ಅಜ್ಜಿ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಮಳೆಗಾಲ ಬಂದು ಹೋಯಿತು. ಕಾರ್ಖಾನೆಯ ರೈಟರು ಬೇರೆ ಹುಡುಗಿ ನೋಡಲಿಲ್ಲ ಎಂದು ಅವರ ತಾಯಿಯಿಂದ ಸುದ್ದಿ ಬರುತ್ತಿತ್ತು. ಚಿಕ್ಕಮ್ಮ ಮೊದಲಿನ ಹಾಗೆಯೇ ಬಸ್ಸು ಹತ್ತಿ ಕುದ್ರೋಳಿಗೆ ಹೋಗಿ ಬರುತ್ತಿದ್ದಳು, ಆದರೆ ಮನೆಯಲ್ಲಿ ನಗುವುದು ನಿಂತಿತ್ತು. ನವರಾತ್ರಿಗೆ ಮೊದಲು ಮಾವ ಗಣಹೋಮಕ್ಕೆ ದಿನ ನೋಡಿ ಬಂದರು. ಅಂದು ಚಿಕ್ಕಮ್ಮ ಯಾರೂ ಕೇಳದೆಯೇ, “ಆ ದಿನ ನನಗೆ ಶಾಲೆಯಲ್ಲಿ ಕೆಲಸ ಉಂಟು” ಎಂದಳು.

“ಆ ದಿನ ಭಾನುವಾರ” ಎಂದಳು ಅಜ್ಜಿ.

ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು. “ಹೋಮ ಬೇಡ. ಆ ದಿನ ಇವಳ ಧಾರೆ. ಶಕ್ತಿನಗರಕ್ಕೆ ನಾನೇ ಹೇಳಿ ಕಳಿಸ್ತೇನೆ.”

ಮಾವ ಕೂಗಾಡಿದರು. ಅವರು ಅಷ್ಟು ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಈ ಅಂಗಳದಲ್ಲಿ ಇದು ಆಗಕೂಡದು ಎಂದರು. “ಅಂಗಳ ಯಾರದ್ದು ಮಗ?” ಎಂದು ಅಜ್ಜಿ ಕೇಳಿದಳು. ಅಳಿಯಕಟ್ಟಿನ ಮನೆಯಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ. ಮಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಮಾಡಿ. ಗಿಂಡಿಗೆ ನಾನು ಕೈ ಹಚ್ಚುದಿಲ್ಲ” ಎಂದು ಹೋಟೆಲಿಗೆ ಹೋದರು.

ಆ ಭಾನುವಾರ ಗಂಡಿನ ಕಡೆಯಿಂದ ಒಂದು ಕಾರಿನಷ್ಟು ಜನ ಬಂದರು. ರೈಟರನ್ನು ನಾನು ಕಂಡದ್ದು ಆಗಲೇ. ಸಪೂರ ಮನುಷ್ಯ. ಬಿಳಿ ಪಂಚೆ, ಇಸ್ತ್ರಿ ಹಾಕಿದ ಅಂಗಿ, ಹೆದರಿದ ಮುಖ. ಚಿಕ್ಕಮ್ಮ ಹಸಿರು ಸೀರೆ ಉಟ್ಟಿದ್ದಳು. ಚಾವಡಿಯಲ್ಲಿ ದೀಪ ಉರಿಯುತ್ತಿತ್ತು. ಮಾವ ಮನೆ ಬಿಟ್ಟು ಹೋಗಿರಲಿಲ್ಲ, ಹೋದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ. ಜಗಲಿಯ ಕುರ್ಚಿಯಲ್ಲಿ ಪೇಪರ್ ಬಿಡಿಸಿಕೊಂಡು ಕೂತಿದ್ದರು. ಎಷ್ಟು ಹೊತ್ತಾದರೂ ಪುಟ ಮಗುಚಲಿಲ್ಲ.

ಗಿಂಡಿ ಚಾವಡಿಯಲ್ಲಿ ಒಂದು ಸುತ್ತು ಬಂತು. ಗಂಡಿನ ಕಡೆಯವರು ಮುಟ್ಟಿದರು, ಅಮ್ಮ ಮುಟ್ಟಿದಳು. ಆಗ ಗಂಡಿನ ತಾಯಿ ಮೆಲ್ಲಗೆ ಹೇಳಿದರು, “ಬೇಜಾರ ಮಾಡ್ಬೇಡಿ. ಹೆಣ್ಣಿನ ಕಡೆಯ ಯಜಮಾನರು ಮುಟ್ಟದೆ ನಾವು ಎರೆಸುದು ಹೇಗೆ? ನಾಳೆ ಇವಳಿಗೇ ಮಾತು ಬರುದು ಬೇಡ.”

ಅದು ನ್ಯಾಯದ ಮಾತು. ಚಿಕ್ಕಮ್ಮ ಚಾಪೆಯಿಂದ ಏಳಲು ಹೊರಟಳು. ಅಜ್ಜಿ ಅವಳ ಭುಜ ಒತ್ತಿ ಕೂರಿಸಿದಳು. ಆಮೇಲೆ ತುಂಬಿದ ಗಿಂಡಿಯನ್ನು ತಾನೇ ಎತ್ತಿಕೊಂಡಳು. ಅವಳ ಮೊಣಕಾಲು ನೋವಿನದು, ಬೀಳುತ್ತಾಳೆಂದು ನಾನು ಮೊಣಕೈ ಹಿಡಿದು ಜೊತೆಗೆ ನಡೆದೆ. ಹಾಗಾಗಿ ಜಗಲಿಯಲ್ಲಿ ನಡೆದ ಮಾತು ನನಗೆ ಕೇಳಿಸಿತು.

“ಮುಟ್ಟು ಮಗ.”

ಮಾವ ಪೇಪರಿನಿಂದ ಕಣ್ಣೆತ್ತಲಿಲ್ಲ. “ನಮ್ಮ ಮನೆಯಲ್ಲಿ ಆಗದ್ದನ್ನು ನನ್ನ ಕೈಯಿಂದ ಮಾಡಿಸ್ಬೇಡ ಅಮ್ಮ.”

“ಆಗಿದೆ. ನನಗೇ ಆಗಿದೆ. ನಿನ್ನ ಅಪ್ಪ ನನಗೆ ಎರಡನೆಯವರು. ಇದೇ ಗಿಂಡಿ. ಇದನ್ನು ಅವತ್ತು ಯಾರೂ ಮುಟ್ಟದಿದ್ದರೆ ನೀನು ಎಲ್ಲಿಂದ ಬರ್ತಿದ್ದೆ?”

ಮಾವ ಪೇಪರ್ ಮಡಚಿದರು. ಮಡಚಿದ್ದನ್ನು ಮತ್ತೆ ಮಡಚಿದರು. ಕೊನೆಗೆ, “ಅಪ್ಪನಿಗೆ ಗೊತ್ತಿತ್ತಾ?” ಎಂದರು, ಸಣ್ಣ ಮಗುವಿನ ಹಾಗೆ.

“ಗೊತ್ತಿಲ್ಲದೆ ಮದುವೆ ಆದ್ರಾ ಮಾರಾಯ? ಗೊತ್ತಿದ್ದೇ ಬಂದರು. ಬೇಕು ಅಂತ ಬಂದರು.”

ಗಿಂಡಿಯ ನೀರು ತುಳುಕಿ ಅಜ್ಜಿಯ ಪಾದದ ಮೇಲೆ ಬೀಳುತ್ತಿತ್ತು. ನನಗೆ ಆ ಹೊತ್ತಿನಲ್ಲಿ ಮಾವನ ಮೇಲೆ ಸಿಟ್ಟು ಉಳಿದಿರಲಿಲ್ಲ, ಭಯ ಮಾತ್ರ ಇತ್ತು. ಇವರು ಎದ್ದು ಗೇಟು ದಾಟಿ ಹೋದರೆ ಅಲ್ಲಿಗೆ ಮುಗಿಯಿತು. ಚಿಕ್ಕಮ್ಮನ ಬಾಳೂ ಮುಗಿಯಿತು, ಅಜ್ಜಿ ಬಾಯಿ ಬಿಟ್ಟದ್ದೂ ದಂಡವಾಯಿತು. ಮಾವ ಎದ್ದರು. ಅಂಗಳಕ್ಕೆ ಇಳಿದರು. ಗೇಟಿನ ಕಡೆ ಹೋಗಲಿಲ್ಲ, ಬಾವಿಕಟ್ಟೆಗೆ ಹೋದರು. ಕೊಡಪಾನದ ನೀರಿನಲ್ಲಿ ಕೈಕಾಲು ತೊಳೆದು, ಮುಖಕ್ಕೆ ನೀರು ಹಾಕಿಕೊಂಡು, ಟವಲಿನಲ್ಲಿ ತುಂಬ ಹೊತ್ತು ಒರೆಸಿಕೊಂಡು ಬಂದರು. ಅಜ್ಜಿಯ ಕೈಯಿಂದ ಗಿಂಡಿ ತೆಗೆದುಕೊಂಡರು. ಮುಟ್ಟಿ ಕೊಡಲಿಲ್ಲ, ತಾವೇ ಹಿಡಿದುಕೊಂಡು ಚಾವಡಿಗೆ ನಡೆದರು. ತಂಗಿಯ ಕೈಯನ್ನು ರೈಟರ ಕೈಯ ಮೇಲಿಟ್ಟು ಧಾರೆ ಎರೆದರು. ಚಿಕ್ಕಮ್ಮ ಅಲ್ಲಿಯವರೆಗೆ ಅತ್ತಿರಲಿಲ್ಲ, ಆಗ ಅತ್ತಳು.

ಊಟಕ್ಕೆ ಬಡಿಸುವ ಗದ್ದಲದಲ್ಲಿ ಎಲ್ಲರೂ ಒಳಗಿದ್ದರು. ಅಜ್ಜಿ ದಣಿದು ಜಗಲಿಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ನಾನು ಅವಳ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಮಾವ ಬಂದು ಕುರ್ಚಿ ಬಿಟ್ಟು ಅವಳ ಪಕ್ಕ ನೆಲದಲ್ಲೇ ಕೂತರು. ಆಮೇಲೆ ಕೇಳಿದರು:

“ಅಮ್ಮ, ಮೊದಲಿನವರ ಹೆಸರೆಂತ?”

ಅಜ್ಜಿ ಉತ್ತರ ಕೊಡಲು ಬಾಯಿ ತೆರೆದಳು. ಹಾಗೇ ಕೂತಳು. ಅವಳ ತುಟಿಗಳು ಏನನ್ನೋ ಹುಡುಕುತ್ತಿದ್ದವು. ಒಂದು ಅಕ್ಷರ ಹಿಡಿದು ಬಿಟ್ಟ ಹಾಗೆ, ಇನ್ನೊಂದನ್ನು ಹಿಡಿದು ಬಿಟ್ಟ ಹಾಗೆ ಆಯಿತು.

“ಗಂಡನ ಹೆಸರು ಹೆಂಡತಿ ಹೇಳ್ಲಿಕ್ಕಿಲ್ಲ ಅಂತ ಇತ್ತಲ್ಲ ಮಗ” ಎಂದಳು ಕೊನೆಗೆ. “ಅವ ಇದ್ದಾಗ ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿದ್ದಿಲ್ಲ. ಸತ್ತ ಮೇಲೆ ಯಾರೂ ಕೇಳಿದ್ದಿಲ್ಲ. ಈಗ ಬರುದಿಲ್ಲ ನೋಡು.”

ಮಾವ ಅವಳ ಒದ್ದೆ ಪಾದವನ್ನು ತಮ್ಮ ಟವಲಿನಿಂದ ಒರೆಸಿದರು. ಒಳಗಿನಿಂದ ಅಮ್ಮ ಊಟಕ್ಕೆ ಕರೆದಳು. ಅಜ್ಜಿ ಏಳಲಿಲ್ಲ. ಇನ್ನೂ ಆ ಹೆಸರನ್ನು ಹುಡುಕುತ್ತಿದ್ದಳು.